ರೊಕ್ಕ ಕೊಟ್ಟು ಹಿಟ್ಟು ನಾದಿದ್ದು

— ಹತ್ತು ಸಾವಿರ ರೂಪಾಯಿ ಕೊಟ್ಟು ಹಿಟ್ಟು ನಾದಿ ಬಂದಿಯೇನ?

— ಹತ್ತಕ್ಕ ಒಂದೀಟು ಕಡಿಮಿ, ಅತ್ಯಾ. ಅದರಾಗ ಊಟ, ಒಂದು ಗ್ಲಾಸ್ ವೈನು, ಕಡೀಕ ಒಂದು ಸರ್ಟಿಫಿಕೇಟು ಎಲ್ಲಾ ಬಂತು.

— ವೈನಿಂದು ನಿಮ್ಮ ಮಾವಾರ ಮುಂದ ಅನಬ್ಯಾಡ. ಸರ್ಟಿಫಿಕೇಟಿನ್ಯಾಗ ಏನ ಬರದಾರ?

— ಈಕಿ ಪಿಚಿ ಮಾಡೂದು ಕಲ್ತಾಳ ಅಂತ.

— ಏನದು ಪಿಚಿ?

— ದಪ್ಪ ಶ್ಯಾವಿಗಿ ಅನಕೋರಿ. ಟಸ್ಕನಿ ಪ್ರಾಂತದಾಗ, ಸಿಯೆನಾ ಊರಿನ ಸುತ್ತಮುತ್ತ ಮಾಡ್ತಾರ. ಹಿಟ್ಟು, ನೀರು, ಒಂದೀಟು ಆಲಿವ್ ಎಣ್ಣಿ, ಉಪ್ಪು. ಅಷ್ಟ. ಮಷೀನಿಲ್ಲ, ಅಚ್ಚಿಲ್ಲ. ನಾದಿದ್ದನ್ನ ಲಟ್ಟಿಸಿ, ಪಟ್ಟಿ ಪಟ್ಟಿ ಕೊಯ್ದು, ಒಂದೊಂದ ಪಟ್ಟಿ ಮಣಿ ಮ್ಯಾಲೆ ಇಟ್ಟು ಅಂಗೈಲೆ ಹೊಸೀಬೇಕು.

— ಹೊಸೀಬೇಕು ಅಂತ ನಿನ್ನ ಬಾಯಿಲೆ ನೀನ ಅಂತಿ, ಮತ್ತ ಅದನ್ನ ಕಲಿಯಾಕ ಇಟಲಿಗೆ ಹೋಗ್ತಿ. ನಮ್ಮತ್ತಿ ಕೊಟ್ಟ ಶ್ಯಾವಿಗಿ ಮಣಿ ಇಲ್ಲೇ ಮಂಚದ ಕೆಳಗ ಐತಿ.

— ಐತಿ, ಗೊತ್ತೈತಿ. ಅದರ ಮ್ಯಾಲೆ ಮೂರು ಸೂಟ್‌ಕೇಸ್ ಇಟ್ಟೀರಿ.

— ಫ್ಲ್ಯಾಟಿನ್ಯಾಗ ಜಾಗಾ ಎಲ್ಲಿ ಐತಿ ತಂಗಿ? ಅದು ಹೋಗಲಿ. ತತ್ತಿ ಇಲ್ಲದ ಪಾಸ್ತಾ ಆಗೂದಿಲ್ಲ ಅಂತ ಟೀವ್ಯಾಗ ಹೇಳ್ತಿದ್ರಲ್ಲ?

— ಅದು ಬೊಲೊನ್ಯಾ ಕಡೀ ಮಾತು. ಅಲ್ಲಿ ನೂರು ಗ್ರಾಂ ಹಿಟ್ಟಿಗೆ ಒಂದು ತತ್ತಿ, ನೀರಿನ ಹನಿ ಸೈತ ಹಾಕೂದಿಲ್ಲ. ಆ ಊರವರಿಗೆ ಪಾಸ್ತಾ ಅಂದ್ರ ಕೋರ್ಟು ಕಚೇರಿ ಇದ್ದಂಗ. ಟಾಲ್ಯಾಟೆಲ್ಲೆ ಅನ್ನೋ ಪಟ್ಟಿ ಎಷ್ಟು ಅಗಲ ಇರಬೇಕಂತ 1972ರಾಗ ಬಂಗಾರದ್ದೊಂದು ಮಾದರಿ ಮಾಡಿಸಿ ತಮ್ಮ ವಾಣಿಜ್ಯ ಮಂಡಳಿಯೊಳಗ ಇಟ್ಟಾರ. ಬೆಂದ ಮ್ಯಾಲೆ 8 ಮಿಲಿಮೀಟರ್. ಅಂದ್ರ ಊರಾಗಿನ ಆಸಿನೆಲ್ಲಿ ಗೋಪುರದ ಎತ್ತರದಾಗ 12,270ನೇ ಒಂದು ಪಾಲು.

— ಬಂಗಾರದ ಶ್ಯಾವಿಗಿ! ಹಾಲಿನ್ಯಾಗ ಬೇಯ್ತೈತೇನು ಕೇಳಬೇಕಿತ್ತು.

— ನಾ ಆ ಕಡೆ ಹೋಗಲಿಲ್ಲ. ತತ್ತಿ ತಿನ್ನೂದಿಲ್ಲ ಅಂತ ಮೊದಲ ಬರದು ತಿಳಿಸಿದ್ದೆ. ಸಿಯೆನಾದ ಹೊರಗ ಒಂದು ಹಳ್ಳ್ಯಾಗ ಎಪ್ಪತ್ತು ದಾಟಿದ ಒಬ್ಬಾಕಿ, ತಮ್ಮ ಮನೀ ಅಡಗಿಮನ್ಯಾಗ ಕಲಿಸ್ತೀನಿ ಅಂದ್ರು. "ನಮ್ಮ ಬಡವರ ಪಾಸ್ತಾಕ್ಕ ತತ್ತಿ ಎಲ್ಲಿಂದ ಬರಬೇಕು, ತತ್ತಿ ಮಾರಾಕ ಇರ್ತಿದ್ವು" ಅಂದ್ರಂತ, ದುಭಾಷಿ ಮಾಡ್ತಿದ್ದ ಅವರ ಮೊಮ್ಮಗ ಹೇಳಿದ.

— ಮನ್ಯಾಗನ? ಪರದೇಶದ ಮಂದಿನ್ನ ಒಲಿ ಮುಂದ ಕರಕೊಂಡು?

— ಈಗ ಅದು ದೊಡ್ಡ ಉದ್ಯೋಗ ಆಗೈತ್ರಿ. ಬೊಲೊನ್ಯಾದಾಗ 2004ರಾಗ ಚೆಜರೀನೆ ಅಂತ ಒಂದು ಬಳಗ ಸುರು ಆತು. ಮನೀ ಹೆಣಮಕ್ಕಳು ತಮ್ಮ ಮನ್ಯಾಗನ ಪ್ರವಾಸಿಗಳಿಗೆ ಊಟಕ್ಕ ಹಾಕ್ತಾರ, ಕಲಿಸ್ತಾರ. ಫೊರ್ಲಿಂಪೊಪೊಲಿ ಅನ್ನೋ ಸಣ್ಣ ಊರಾಗ 2007ರಿಂದ ಕಾಸಾ ಆರ್ಟೂಸಿ ಅಂತ ಅಡಗಿ ಕಲಿಸೂ ಸಂಸ್ಥೆನ ಐತಿ. ಆರ್ಟೂಸಿ ಆ ಊರಿನ ರೇಷ್ಮಿ ವ್ಯಾಪಾರಿ. ವ್ಯಾಪಾರ ಬಿಟ್ಟು ಫ್ಲಾರೆನ್ಸಿನ್ಯಾಗ ಕುಂತು ಅಡಗಿ ಪುಸ್ತಕ ಬರದ. ಯಾರೂ ಅಚ್ಚ ಹಾಕಾಕ ಒಪ್ಪಲಿಲ್ಲ, 1891ರಾಗ ತನ್ನ ರೊಕ್ಕಾದಿಂದ ತಾನ ಹಾಕಿಸಿದ. ಮೊದಲ 475 ಅಡಗಿ ಇದ್ವು. ಓದಿದ ಹೆಣಮಕ್ಕಳು ಪತ್ರ ಬರದು ತಮ್ಮ ತಮ್ಮ ಮನೀ ಅಡಗಿ ಕಳಿಸ್ಕೋತ ಹ್ವಾದ್ರು; ಅಂವ 1911ರಾಗ ತೀರಕೊಳ್ಳೂದ್ರಾಗ 790 ಆಗಿದ್ವು.

— ಮಾಡಿ ನೋಡ್ತಿದ್ದಾಕಿ ಯಾರು?

— ನಿಮಗ ಹೆಂಗ ಗೊತ್ತಾತ್ರಿ ಮಾಡಿ ನೋಡ್ತಿದ್ದಾಕಿ ಇದ್ಳು ಅಂತ?

— ರೇಷ್ಮಿ ಮಾರೋ ಗಂಡಸು 790 ಅಡಗಿ ಒಬ್ಬನ ಮಾಡಿರ್ತಾನೇನ?

— ಇದ್ಳು. ಮರಿಯೆತ್ತಾ ಅಂತ. ಪುಸ್ತಕದಾಗ ಒಂದು ಸಿಹಿ ರೊಟ್ಟಿಗೆ ಆಕಿ ಹೆಸರ ಇಟ್ಟಾನ. ಸಾಯೂ ಮುಂದ ಪುಸ್ತಕದ ಹಕ್ಕು ಆಕಿಗೆ, ಇನ್ನೊಬ್ಬ ಅಡಗಿಯಂವಗ ಬರದಿಟ್ಟ. ಈಗ ಕಾಸಾ ಆರ್ಟೂಸಿಯೊಳಗ ಹಿಟ್ಟು ಲಟ್ಟಿಸೂದು ಕಲಿಸೂ ಹೆಣಮಕ್ಕಳಿಗೆ ಮರಿಯೆತ್ತೆ ಅಂತನ ಕರೀತಾರ.

— ಹಕ್ಕು ಬರದಿಟ್ಟ ಅಂದ್ರ ಮಂದಿ ಪೈಕಿ ಮನಶಾ. ಇರಲಿ, ನಿನ್ನ ಮುದುಕಿ ಹೆಂಗ ಕಲಿಸಿದ್ಳು ಹೇಳು.

— ನಿಮಗ ಯಾರು ಕಲಿಸಿದ್ರು ಮೊದಲ ಹೇಳ್ರಿ.

— ಕಲಿಸೂದು ಅಂದ್ರೇನ? ಕುಂತು ನೋಡೂದು. ಮದುವಿಯಾಗಿ ಅಥಣಿ ಕಡೆ ಹ್ವಾದೆ. ಯುಗಾದಿ ಆದ ಮ್ಯಾಲೆ ಬಿಸಲು ಬಲೀತಿತ್ತು, ಓಣ್ಯಾಗಿನ ಹೆಣಮಕ್ಕಳು ಮುಯ್ಯಾ ಹಚ್ಚತಿದ್ರು. ಇವತ್ತು ನಮ್ಮ ಮನಿ, ನಾಳಿ ಅವರ ಮನಿ. ಗೋಧಿ ತೋಯ್ಸಿ, ನೆಳ್ಳಾಗ ಆರಿಸಿ, ಬೀಸಿ, ಅರಿವೀಲೆ ಸಾಣಿಸಿ, ಸಣ್ಣ ರವಾ ಬ್ಯಾರೆ, ಹಿಟ್ಟು ಬ್ಯಾರೆ. ಆಮ್ಯಾಲೆ ಕಲಿಸಿ ನೆನಿಯಾಕ ಇಟ್ಟು, ಒಳ್ಳಾಗ ಕುಟ್ಟಿ, ಎಣ್ಣಿ ಕೈಲೆ ಜಗ್ಗಿ ಜಗ್ಗಿ ನಾದಬೇಕು. ಮಣೀದು ಒಂದು ತುದಿ ಎತ್ತರಕ್ಕ, ಒಂದು ತುದಿ ಕೆಳಗ. ಮ್ಯಾಲಿನ ತುದಿಗೆ ಕುಂತಾಕಿ ಹೊಸದು ಬಿಡ್ತಾಳ. ಕೆಳಗಿನಾಕಿ ಎಳಿ ಹಿಡದು, ಮಡಚಿ, ಇನ್ನೊಮ್ಮೆ ಜಗ್ಗಿ, ಬಿದಿರ ಕೋಲಿನ ಮ್ಯಾಲೆ ಇಳಿಬಿಡ್ತಾಳ. ಹೊಸಿಯಾಕಿ ಮುಖ್ಯ ಅಂತ ನೋಡಿದವರು ಅನಕೋತಾರ. ಖರೇ ಕೆಲಸ ಕೆಳಗಿನಾಕಿದು. ಹಿಟ್ಟು ಎಷ್ಟು ಜಗ್ಗಿಸ್ಕೊಳ್ತೈತಿ ಅನ್ನೂದು ಆಕಿ ಬೆರಳಿಗೆ ಗೊತ್ತಿರಬೇಕು.

— ಎಳಿ ಹರದ್ರ?

— ನಮ್ಮತ್ತಿ ಬೈತಿದ್ದಿಲ್ಲ. "ತವರಮನ್ಯಾಗ ಶ್ಯಾವಿಗಿ ಮಾಡ್ತಿದ್ದಿಲ್ಲೇನವಾ?" ಅಂತ ಓಣಿ ಮಂದಿ ಮುಂದ ಮೆಲ್ಲಕ ಕೇಳ್ತಿದ್ಳು.

— ಬೈದಿದ್ರ ಚೊಲೊ ಇತ್ತು.

— ಬೈದಿದ್ರ ಅತ್ತು ಮುಗಸ್ತಿದ್ದೆ. ಆ ಮಾತು ಇನ್ನೂ ಮುಗದಿಲ್ಲ ನೋಡು.

— ಈಗ ನಂದು ಕೇಳ್ರಿ. ಕ್ಲಾಸಿನ್ಯಾಗ ನಾವು ಆರು ಮಂದಿ. ಒಬ್ಬ ಮುದಿಯ ಅಮೆರಿಕದಂವ ಇದ್ದ, ಅವನ ಪಿಚಿ ಒಂದು ತುದಿ ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ತುದಿ ದಾರ. ನಂದೂ ಅದಕ್ಕಿಂತ ಭಾರಿ ಏನ ಇರಲಿಲ್ಲ. ಆ ಅಜ್ಜಿ ಎತ್ತಿ ಹಿಡದು ನೋಡಿ, ಚೊಲೊ ಆಗೈತಿ, ದಪ್ಪ ಇದ್ದಲ್ಲಿ ಜಗೀಬೇಕು, ಸಣ್ಣ ಇದ್ದಲ್ಲಿ ಎಣ್ಣಿ ಹಿಡೀತೈತಿ ಅಂದ್ರು. ಎಲ್ಲಾರೂ ನಕ್ರು. ನನಗ ಅವಮಾನ ಆಗಲಿಲ್ಲ. ನಾ ರೊಕ್ಕ ಕೊಟ್ಟದ್ದು ಅದಕ್ಕ, ಅತ್ಯಾ. ಕೆಡಿಸಾಕ.

— ಕೆಡಿಸಾಕ ರೊಕ್ಕ ಕೊಡಬೇಕೇನ?

— ನಮ್ಮ ಕಡೆ ಸೊಸಿ ಕೆಡಿಸೂಹಂಗಿಲ್ಲ, ಮಗಳು ಕೆಡಿಸಿದ್ರ ಗಂಡನ ಮನ್ಯಾಗ ನಮ್ಮ ಮಾನ ಕಳೀತಿ ಅಂತಾರ. ರೊಕ್ಕ ಕೊಟ್ಟ ಗಿರಾಕಿ ಮಾತ್ರ ಎಷ್ಟು ಬೇಕಾದ್ರೂ ಕೆಡಿಸಬಹುದು. ಹಿಟ್ಟು ಪೂರಾ ಹಾಳಾದ್ರೂ ನಕ್ಕೋತ ಮತ್ತ ಕಲಿಸಿ ಕೊಡ್ತಾರ.

— ನೀ ನಾಕು ಗಂಟೇಕ ಎದ್ದು ಹೋಗಾಕಿ ಅಂತ ನಕ್ಕಾಳ. ಆಕಿ ಸೊಸಿ ಆಗಿ ಹೋಗು, ಆವಾಗ ನೋಡೋಣು. ಆಕಿ ಸೊಸಿಗೆ, ಮಗಳಿಗೆ ಬರ್ತೈತೇನ ಇದು?

— ನಾನೂ ಕೇಳಿದೆ. ಮಗಳು ಮಿಲಾನಿನ್ಯಾಗ ಬ್ಯಾಂಕಿನ್ಯಾಗ ಇದ್ದಾಳಂತ. ಪಾಕೀಟಿನ ಪಾಸ್ತಾ ತರ್ತಾಳಂತ.

— ನನ್ನ ಮಗಳಿಗೂ ಬರೂದಿಲ್ಲ.

— ಕಲಿಸಬೇಕಿತ್ತು ನೀವು.

— ಬೇಕಂತ ಕಲಿಸಲಿಲ್ಲ. ನನಗ ಕೇಳಿದ ಮಾತು ಆಕಿಗೆ ಯಾರೂ ಕೇಳಬಾರದು ಅಂತ. ಬರೂದಿಲ್ಲ ಅಂದ್ರ ಬರೂದಿಲ್ಲ, ಅಲ್ಲಿಗೆ ಮುಗೀತು. ಬರ್ತೈತಿ ಅಂದ್ಯೋ, ಹರದದ್ದು ಎಣಸ್ತಾರ. … ಬಾಂಡೆ ಯಾರು ತಿಕ್ಕಿದ್ರು?

— ಯಾವ ಬಾಂಡೆ?

— ಕ್ಲಾಸಿನ ಬಾಂಡೆ. ಆರು ಮಂದಿ ಹಿಟ್ಟಿನ ಬೋಗಾಣಿ, ಮಣಿ, ಸಾಸಿನ ಪಾತ್ರಿ.

— ನಾವು ಬಂದ ಮ್ಯಾಲೆ ಅವರ ತಿಕ್ಕಿರಬೇಕು.

— ಅದು ಕಲಿಸಲಿಲ್ಲ, ಹೌದಲ್ಲ?

— ಇಲ್ರಿ.

— ಹೇಳು ಮುಂದ. ಸಾಸು ಯಾವುದು?

— ಅಲ್ಲಿ ಆಲ್ಯೊನೆ ಅನ್ನೋ ಬಳ್ಳೊಳ್ಳಿ ಬರ್ತೈತಿ, ಒಂದೊಂದ ಗಡ್ಡಿ ಉಳ್ಳಾಗಡ್ಡಿಗಿಂತ ದೊಡ್ಡದು, ಖಾರ ಕಡಿಮಿ. ಅದನ್ನ ಟೊಮೆಟೊದಾಗ ಕರಗೂತನಕ ಬೇಯಿಸಿ ಹಾಕಿದ್ರು. ಮ್ಯಾಲೆ ಚೀಜು ತುರೀಬೇಕಾದ್ರ ನಾ ತಡದೆ. ಪಾರ್ಮಿಜಾನೊ ಚೀಜಿಗೆ ಹಾಲು ಒಡಸಾಕ ಕರುವಿನ ಹೊಟ್ಟಿಯಿಂದ ತಗದ ರೆನೆಟ್ ಹಾಕ್ತಾರ. ಹಂಗ ಮಾಡದಿದ್ರ ಅದಕ್ಕ ಆ ಹೆಸರ ಕೊಡೂದಿಲ್ಲ.

— ಶಿವ ಶಿವಾ! ನಾವು ಇಲ್ಲಿ ಪಿಜ್ಜಾ ಮ್ಯಾಲೆ ತಿನ್ನೂದು?

— ಅಮೂಲ್‌ದಾಗ ಅದು ಇರೂದಿಲ್ಲ, ಸೂಕ್ಷ್ಮಜೀವಿಯಿಂದ ಮಾಡಿದ್ದು ಹಾಕ್ತಾರ. ಇಟಲಿಯಿಂದ ಬಂದದ್ದನ್ನ ತಿನ್ನೂ ಮುಂದ ಡಬ್ಬಿ ಓದಬೇಕು. ಆ ಅಜ್ಜಿ ಏನೂ ಬೇಜಾರ ಮಾಡ್ಕೊಳ್ಳಲಿಲ್ಲ. ಹಳೀ ಬ್ರೆಡ್ ಪುಡಿ ಮಾಡಿ, ಎಣ್ಣ್ಯಾಗ ಕೆಂಪಗ ಹುರದು ಮ್ಯಾಲೆ ಉದುರಿಸಿದ್ರು. ಚೀಜು ಕೊಳ್ಳಾಕ ಆಗದವರು ಮೊದಲಿಂದ ಹಿಂಗ ತಿಂತಿದ್ರಂತ. ನನಗ ಚೀಜಿಗಿಂತ ಅದ ರುಚಿ ಹತ್ತಿತು, ಕುರುಂ ಕುರುಂ ಅಂತ.

— ನಮ್ಮ ಶೇಂಗಾ ಹಿಂಡಿ ಹಾಕಿ ನೋಡು ಅದಕ್ಕ.

— ಹಾಕೋಣ್ರಿ. ಇನ್ನೊಂದು ನಿಮಗ ಹೇಳೂದೈತಿ. ಲುಕ್ಕಾ ಊರಾಗ ಒಂದು ಹೊಟೆಲಿನ್ಯಾಗ ಸೂಪ್ ಕೊಟ್ರು. ಬಟ್ಟಲದಾಗ ನೋಡ್ತೀನಿ, ಕಪಲಿ ಗೋಧಿ!

— ಕಪಲಿ? ಅಂದ್ರ ನಮ್ಮ ಸದಕ?

— ಅದ. ಅವರು ಫಾರ್ರೊ ಅಂತಾರ. ಲುಕ್ಕಾದ ಉತ್ತರಕ್ಕ ಗಾರ್ಫಾನ್ಯಾನಾ ಅನ್ನೋ ಗುಡ್ಡಗಾಡಿನ್ಯಾಗ ಬೆಳೀತಾರ, 1996ರಿಂದ ಅದಕ್ಕ ಯುರೋಪಿನ ಸರಕಾರಿ ಮುದ್ರಿ ಬಿದ್ದೈತಿ, ಬ್ಯಾರೆ ಊರಾಗ ಬೆಳದದ್ದಕ್ಕ ಆ ಹೆಸರ ಹಚ್ಚೂಹಂಗಿಲ್ಲ. ಬೀನ್ಸ್ ರುಬ್ಬಿ ಅದರಾಗ ಗೋಧಿ ಬೇಯಿಸಿರ್ತಾರ. ಹುಗ್ಗಿನ ಆದ್ರ ಬೆಲ್ಲ ಇಲ್ಲ, ಉಪ್ಪು.

— ಬೆಲ್ಲ ಇಲ್ಲದ ಹುಗ್ಗಿಗೆ ಅವರು ಎಷ್ಟು ತಗೊಂಡ್ರು?

— ರೊಕ್ಕದ್ದ ನಿಮ್ಮ ಚಿಂತಿ!

— ಯಾಕ ಅಂದ್ರ, ನಮ್ಮಪ್ಪ ಸದಕ ಬಿತ್ತೂದು ಬಿಟ್ಟಿದ್ದ ರೊಕ್ಕಕ್ಕ. ಸಿಪ್ಪಿ ಬಿಡೂದಿಲ್ಲ ಅದು, ಒಕ್ಕಿದ ಮ್ಯಾಲೂ ಕುಟ್ಟಬೇಕು. ಇಳುವರಿ ಕಡಿಮಿ. ಎರಿ ಹೊಲದಾಗ ಹಿಂಗಾರಿಗೆ ಎಲ್ಲಾರೂ ಬ್ಯಾರೆ ಗೋಧಿ ಹಾಕಿದ್ರು, ಹುಗ್ಗಿಗೆ, ಮಾದ್ಲಿಗೆ ಅಂತ ಒಂದ ಮೂಲ್ಯಾಗ ಇದನ್ನ ಉಳಿಸ್ಕೊಂಡಿದ್ರು. ಈಗ ನಿಗಡ್ಯಾಗ ಸೂಪರ್ ಮಾರ್ಕೆಟಿನ್ಯಾಗ ಸಕ್ಕರಿ ಬ್ಯಾನಿಯವರಿಗೆ ಅಂತ ಪಾಕೀಟ ಮಾಡಿ ಇಟ್ಟಾರ, ಸಾದಾ ಗೋಧಿಗಿಂತ ತುಟ್ಟಿ.

— ಪೂರಾ ಬಿಟ್ಟಿಲ್ರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ ಅಂತ ಗಿಡ್ಡ ತಳಿ ಬಿಟ್ಟಾರ. ಇಲ್ಲೇ ಪುಣೆಯೊಳಗ ಆಗರ್‌ಕರ್ ಸಂಸ್ಥೆಯವರದೂ ಒಂದು ಕಪಲಿ ತಳಿ ಐತಿ, ಎಮ್‌ಎಸಿಎಸ್ 2971. ಇದು, ನಮ್ಮ ರವಾದ ಗೋಧಿ, ಎರಡೂ ಒಂದ ಬಳಗ. ಚಪಾತಿ ಗೋಧಿ ಬ್ಯಾರೆ. ಇಟಲ್ಯಾಗ 1967ರಾಗ ಕಾನೂನ ಮಾಡ್ಯಾರ: ಒಣಗಿಸಿ ಮಾರೂ ಪಾಸ್ತಾ ರವಾದ ಗೋಧಿದ ಇರಬೇಕು, ಮೆತ್ತನ್ನ ಗೋಧಿ ಬೆರಸೂಹಂಗಿಲ್ಲ.

— ಕಾನೂನ ಯಾಕ ಬೇಕು? ಮೆತ್ತನ್ನ ಗೋಧಿ ಶ್ಯಾವಿಗಿ ಹಾಲಿನ್ಯಾಗ ಬಿದ್ದ್ರ ಅಂಬಲಿ ಆಗ್ತೈತಿ, ಮುಂದಿನ ವರ್ಷ ಯಾರೂ ಮಾಡೂದಿಲ್ಲ. ನೋಡು, ಒಳಗಿಂದ ನಿಮ್ಮ ಮಾವಾರು ಕೇಳಾಕತ್ತಾರ, ಆ ಸ್ಕೂಟರಿನ ಊರು ನೋಡಿದ್ಯೋ ಇಲ್ಲೋ ಅಂತ.

— ಪೊಂತೆದೆರಾ. ನೋಡಿದೆ ಅಂತ ಹೇಳ್ರಿ. ಪೀಸಾದಿಂದ ಫ್ಲಾರೆನ್ಸಿಗೆ ಹೋಗೂ ರೈಲಿನ ದಾರ್ಯಾಗ ಐತಿ. ಪಿಯಾಜಿಯೊದವರ ಮ್ಯೂಸಿಯಂದಾಗ ಹಳೀ ವೆಸ್ಪಾ ಸಾಲಾಗಿ ನಿಲ್ಸ್ಯಾರ. ಫೋಟೊ ಕಳಿಸೀನಲ್ಲ?

— ಆ ಫೋಟೊ ಇವರು ದುಡದ ಆಕುರ್ಡಿ ಸ್ಕೂಟರ್ ಫ್ಯಾಕ್ಟರಿಯ ಹಳೀ ಮಂದಿಗೆಲ್ಲ ಹೋಗೈತಿ. ವೆಸ್ಪಾದ ಲೈಸೆನ್ಸ್ 1971ರಾಗ ಮುಗೀತು, 1972ರಾಗ ಚೇತಕ್ ಬಂತು, ಇಟಲಿಯವರು ಕಾಗದಾ ವಾಪಸ್ ತಗೊಂಡ್ರು, ಕೆಲಸ ಗೊತ್ತಿದ್ದ ಮಂದಿನ್ನ ತಗೊಂಡು ಹೋಗಾಕ ಬರಲಿಲ್ಲ ಅಂತ ಇವರದು ದಿನಾ ಒಂದ ಮಾತು. 2007ರಾಗ ಆಕುರ್ಡಿಯೊಳಗ ಗಾಡಿ ಮಾಡೂದು ನಿಂತಾಗ ಎರಡು ದಿನ ಊಟಾ ಮಾಡಲಿಲ್ಲ ಅವರು. ಈಗ ಅಲ್ಲೇ ಕರೆಂಟಿನ ಚೇತಕ್ ಮಾಡ್ತಾರಂತ ಅಂದ್ರ, ಸಪ್ಪಳ ಇಲ್ಲದ್ದು ಸ್ಕೂಟರ್ ಹೆಂಗ ಆಗ್ತೈತಿ ಅಂತಾರ.

— ನೀವು ಇಲ್ಲಿಗೆ ಬಂದಾಗ ಹೆಂಗಿತ್ರಿ?

— ಪ್ರಾಧಿಕರಣ ಅಂತ ಹೆಸರ ಇತ್ತು, ಮನಿ ಅಲ್ಲೊಂದು ಇಲ್ಲೊಂದು. ಭಕ್ತಿ ಶಕ್ತಿ ಚೌಕ ಎಲ್ಲಿಂದ ಬರಬೇಕು. ನಮ್ಮ ಸಾಲಿನ್ಯಾಗ ವಿಜಾಪುರದವರು, ಸಾಂಗ್ಲಿಯವರು, ಸೊಲ್ಲಾಪುರದವರು, ಎಲ್ಲಾ ಫ್ಯಾಕ್ಟರಿ ಮಂದಿ. ಬಾಜೂ ಮನಿ ಮರಾಠಿ ವೈನಿ ಮಗಳ ಮದುವಿ ತಗದಾಗ ಗವ್ಹಲೆ ಮಾಡಾಕ ಕರದ್ರು. ನಾವು ಗವಲಿ ಅಂತೀವಿ. ಹಿಟ್ಟಿನ ಎಳಿ ಬೆರಳಿನ ತುದಿಲೆ ಮುರದು ಮುರದು ಅಕ್ಕಿಕಾಳಿನಷ್ಟು ಮಾಡೂದು. ಆಮ್ಯಾಲೆ ಮಾಲತಿ, ಬಟವಿ. ಮದುವಿ ಊಟದ ಖೀರು ಇವುಗಳದ್ದ. ಐದು ಸುವಾಸಿನಿಯರು ಮುಹೂರ್ತ ನೋಡಿ ಸುರು ಮಾಡಬೇಕು. ನನಗ ಮರಾಠಿ ಬರ್ತಿದ್ದಿಲ್ಲ, ಅವರಿಗೆ ಕನ್ನಡ ಬರ್ತಿದ್ದಿಲ್ಲ. ನಾಕು ದಿನ ಗವಲಿ ಮಾಡಿ ಎದ್ದಾಗ ಇಬ್ಬರೂ ಇಬ್ಬರ ಅತ್ತೀನ್ನೂ ಬೈಯುವಷ್ಟು ಮಾತು ಕಲ್ತಿದ್ವಿ.

— ಇದನ್ನ ಕೇಳಾಕ ಜನ ರೊಕ್ಕ ಕೊಡ್ತಾರ ಅತ್ಯಾ. ಖರೇನ. 2025ರ ಡಿಸೆಂಬರದಾಗ ದಿಲ್ಲಿ ಕೆಂಪು ಕೋಟ್ಯಾಗ ಯುನೆಸ್ಕೊದವರ ಸಭಾ ಆತು. ಇಟಲಿಯ ಅಡಗಿನ್ನ ಜಗತ್ತಿನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ರು. ಅದ ಸಭಾದಾಗ ನಮ್ಮ ದೀಪಾವಳಿನೂ ಸೇರಿತು.

— ಅವರು ಅಡಗಿ ಬರಿಸಿದ್ರು, ನಾವು ಹಬ್ಬ ಬರಿಸಿದ್ವಿ. ಹಬ್ಬದ ಅಡಗಿ ಮಾಡೂದು ಯಾರು ಅಂತ ಯಾರೂ ಕೇಳಲಿಲ್ಲೇನ?

— ಅದಕ್ಕ ಹೇಳಾಕತ್ತೀನಿ. ಇಲ್ಲೇ ಸುರು ಮಾಡೋಣ್ರಿ. ಹಿಂಜವಡಿಯಿಂದ ನಮ್ಮ ಆಫೀಸಿನ ಹುಡಗ್ಯಾರು ಹತ್ತು ಮಂದಿ ಬರ್ತಾರ. ಹುಡುಗರೂ ಬರ್ತಾರ. ನೀವು ಮ್ಯಾಲೆ ಕುಂದ್ರಿ, ಹೊಸೀರಿ. ಎಳಿ ಹರದ್ರ ಯಾರ ತವರಮನೀನೂ ಕೇಳಬಾರದು. ಅದೊಂದ ಕರಾರು.

— ಗಂಡ ಹುಡುಗರು ಕೋಲು ಹಿಡೀತಾರೇನ?

— ಅಮೆರಿಕದ ಮುದಿಯ ಹೊಸದ. ಇವರು ಕೋಲರ ಹಿಡೀಲಿ.

— ಯಾವಾಗ? ಮಳಿಗಾಲದಾಗ ಆಗೂದಿಲ್ಲ. ತುಕಾರಾಮರ ಪಾಲಖಿ ದೇಹುವಿಂದ ಬಂದು ಆಕುರ್ಡಿಯೊಳಗ ಇಳಿಯೂ ಹೊತ್ತಿಗೆ ಗಾಳ್ಯಾಗ ನೀರ ಇರ್ತಾವ, ಎಳಿ ಕೋಲಿನ ಮ್ಯಾಲೆ ಒಂದಕ್ಕೊಂದು ಅಂಟಿ ಕುಂದ್ರತಾವ. ಹೋಳಿ ಆಗಬೇಕು. ಗಚ್ಚಿ ಮ್ಯಾಲೆ ಹಾಕೋಣಂದ್ರ ಮೆಟ್ರೊ ಕೆಲಸದ ಧೂಳಿ. ಹಿಂದಿನ ಖೋಲ್ಯಾಗ ಫ್ಯಾನ್ ಬಂದ್ ಮಾಡಿ ಒಣಗಿಸಬೇಕು. ಫ್ಯಾನ್ ಹಚ್ಚಿದ್ರ ಸೀಳ್ತಾವ.

— ನೋಡ್ರಿ, ಕ್ಲಾಸು ಸುರುನ ಆತು.

— ತಡಿ. ಎರಡು ತಾಸಿನ್ಯಾಗ ಮುಗಸಾಕ ಇದು ಪಿಚಿ ಅಲ್ಲ. ನಿನ್ನ ಅಜ್ಜಿ ಹಿಟ್ಟು ಅಂಗಡಿಯಿಂದ ತಂದಿಟ್ಟಿದ್ಳು. ನಮ್ಮದು ಮೊದಲನೇ ದಿನ ಬರೇ ಗೋಧಿ ಹಸನ ಮಾಡೂದು, ಹಳ್ಳ ಆರಿಸೂದು, ತೋಯ್ಸೂದು. ಎರಡನೇ ದಿನ ಗಿರಣಿ, ಸಾಣಿಸೂದು. ಮಣಿ ಇಳಿಯೂದು ಮೂ‌ರನೇ ದಿನ. ಹಳ್ಳ ಆರಿಸಾಕ ಯಾರ ರೊಕ್ಕ ಕೊಡ್ತಾರ?

— ಅದಕ್ಕ ಜಾಸ್ತಿ ಕೊಡ್ತಾರ! ಮನಸ್ಸು ಶಾಂತ ಆಗ್ತೈತಿ, ಫೋನ್ ಹೊರಗ ಇಟ್ಟು ಬರ್ರಿ ಅಂತ ಬರದ್ರ ಸಾಕು, ಹಿಂಜವಡಿ ಮಂದಿ ಸಾಲು ಹಚ್ಚತಾರ.

— ಹಂಗಾರ ನಾಕನೇ ದಿನ ಬಾಂಡೆ ತಿಕ್ಕೂದು ಇಡು. ಅದಕ್ಕ ಎಲ್ಲಾಕಿಂತ ಜಾಸ್ತಿ ಫೀ ಹಚ್ಚು. ಆವಾಗ ನಾ ಬರ್ತೀನಿ.